ಗುಡ್ಲಲ್ಲಿ ಕೂತು ಗೆದ್ದ ಓಟ

ನನಗೊಂದು ಕೆಟ್ಟ ಅಭ್ಯಾಸವಿದೆ. ಅಂಗಡಿಯಿಂದ ಬಂದ ಯಾವ ಪೊಟ್ಟಣವನ್ನೂ ಓದದೆ ಎಸೆಯಲಾರೆ. ಬೋಂಡ ಸುತ್ತಿಕೊಟ್ಟ ಕಾಗದಕ್ಕೆ ಎಣ್ಣೆ ಇಳಿದು ಆಚೆ ಪುಟದ ಅಕ್ಷರ ಈಚೆ ಪುಟದ ಮೇಲೆ ಮೂಡಿದ್ದರೂ ಬಿಡುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ಬಿಡಿಸಿ ಓದುತ್ತೇನೆ. ಅಷ್ಟರಲ್ಲಿ ಬೋಂಡ ಆರಿಹೋಗಿರುತ್ತದೆ. "ನಿನಗೆ ಬೋಂಡ ಬೇಕೋ ಪೇಪರು ಬೇಕೋ, ಒಂದು ತೀರ್ಮಾನ ಮಾಡು" ಎಂದು ನಮ್ಮ ಮನೆಯವರು ರೇಗುವುದು ಮದುವೆಯಾದಾಗಿನಿಂದಲೂ ನಡೆದುಬಂದಿದೆ.

ಹೋದ ವಾರವೂ ಹೀಗೇ ಆಯಿತು. ಕಡಲೆಪುರಿಯ ಪೊಟ್ಟಣ ಬಿಚ್ಚಿದರೆ ಮೂಲೆಯಲ್ಲೊಂದು ಪುಟ್ಟ ಚೌಕ. ಹಗ್ಗಜಗ್ಗಾಟ ಒಂದು ಕಾಲಕ್ಕೆ ಒಲಿಂಪಿಕ್ಸಿನಲ್ಲೇ ಇತ್ತು, ದೇಶದೇಶಗಳ ದಡಿಯರು ಹಗ್ಗ ಹಿಡಿದು ಎಳೆದಾಡಿ ಪದಕ ತೆಗೆದುಕೊಂಡು ಹೋಗುತ್ತಿದ್ದರು ಎಂದು ಅದರಲ್ಲಿ ಬರೆದಿತ್ತು. ನನಗೆ ಇದು ಹೊಸದಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಯಾವತ್ತೋ ಸೇರಿಹೋಗಿರುವ ಸಂಗತಿ. ಆದರೂ ಹಳೆಯ ಪರಿಚಯದವರು ದಾರಿಯಲ್ಲಿ ಸಿಕ್ಕಂತಾಗಿ ಇನ್ನೊಮ್ಮೆ ಓದಿದೆ. ಓದುತ್ತ ಓದುತ್ತ ಮನಸ್ಸು ಎಲ್ಲೆಲ್ಲಿಗೋ ಹೋಗಿ, ನಾನು ಹೋಗಲು ಇಷ್ಟಪಡದ ಕಡೆಗೇ ಹೋಗಿ ನಿಂತಿತು. ಅದನ್ನು ನಿಮ್ಮೊಡನೆ ಹೇಳಿಕೊಳ್ಳೋಣವೆಂದು ಕೂತಿದ್ದೇನೆ.

ನಾನು ಡ್ರಿಲ್ ಟೀಚರು. ಆಗಿದ್ದೆ ಅನ್ನಬೇಕು; ನಿವೃತ್ತಿಯಾಗಿ ವರ್ಷ ತುಂಬಿಲ್ಲವಾದ್ದರಿಂದ ನಾಲಿಗೆ ಇನ್ನೂ ಒಪ್ಪುತ್ತಿಲ್ಲ. ಗುಂಡ್ಲುಪೇಟೆ, ಚಂದಕವಾಡಿ, ಕಡೆಗೆ ಚಾಮರಾಜನಗರ ಎಂದು ಸುತ್ತಿ ಸುತ್ತಿ, ಬಿಸಿಲಲ್ಲಿ ನಿಂತು ವಿಷಲ್ ಊದಿಯೇ ಸರ್ವೀಸು ಮುಗಿಸಿದವಳು. ಡ್ರಿಲ್ ಟೀಚರ ಕಷ್ಟ ಬೇರೆ ಟೀಚರುಗಳಿಗೆ ಅರ್ಥವಾಗುವುದಿಲ್ಲ. ಲೆಕ್ಕದ ಮೇಷ್ಟ್ರಿಗೆ ಪಾಠ ಮುಗಿದಿಲ್ಲವೆಂದರೆ ಕಣ್ಣು ಬೀಳುವುದು ನಮ್ಮ ಪೀರಿಯಡ್ಡಿನ ಮೇಲೆ. ಮಳೆ ಬಂತೆಂದರೆ ಕೇಳುವುದೇ ಬೇಡ, "ಹೇಗೂ ಆಟ ಇಲ್ಲವಲ್ಲ, ಆ ಪೀರಿಯಡ್ಡು ನಮಗೆ ಕೊಡಿ ಮೇಡಂ" ಎಂದು ನಾಲ್ಕು ಜನ ಬಾಗಿಲಲ್ಲಿ ನಿಂತಿರುತ್ತಾರೆ. ಅವರಿಂದ ಪೀರಿಯಡ್ಡು ಉಳಿಸಿಕೊಳ್ಳಲು ನಾನು ಕಂಡುಕೊಂಡ ಉಪಾಯವೇ ಆ ನೋಟ್‌ಬುಕ್ಕು. ಪೊಟ್ಟಣದ ಕಾಗದ, ಹಳೆಯ ಪತ್ರಿಕೆ, ಲೈಬ್ರರಿಯ ಗೆದ್ದಲು ಹಿಡಿದ ಪುಸ್ತಕ, ಎಲ್ಲಿ ಆಟದವರ ವಿಚಿತ್ರ ಸಂಗತಿ ಸಿಕ್ಕರೂ ಬರೆದಿಟ್ಟುಕೊಳ್ಳುವುದು, ಮಳೆ ಬಂದ ದಿನ ಮಕ್ಕಳನ್ನು ಒಳಗೆ ಕೂರಿಸಿ ಹೇಳುವುದು. "ಗೊತ್ತೇನ್ರೋ" ಎಂದೇ ಶುರು ಮಾಡುತ್ತಿದ್ದೆನಾದ್ದರಿಂದ ಮಕ್ಕಳು ನನಗೆ 'ಗೊತ್ತೇನ್ರೋ ಮಿಸ್' ಎಂದು ಹೆಸರಿಟ್ಟರು. ವರ್ಗವಾಗಿ ಹೋದ ಕಡೆಯಲ್ಲೆಲ್ಲ ಆ ಹೆಸರು ನನಗಿಂತ ಮುಂಚೆ ಹೋಗಿ ಕಾಯುತ್ತಿತ್ತು.

ಬಾಸ್ಕೆಟ್‌ಬಾಲ್ ಹುಟ್ಟಿದಾಗ ಗೋಡೆಗೆ ತಗಲಿಹಾಕಿದ್ದು ನಿಜವಾದ ಹಣ್ಣಿನ ಬುಟ್ಟಿ, ಅದಕ್ಕೆ ತಳವೂ ಇತ್ತು, ಚೆಂಡು ಬಿದ್ದಾಗೆಲ್ಲ ಏಣಿ ಹತ್ತಿ ತೆಗೆಯಬೇಕಾಗಿತ್ತು ಎಂದು ಒಮ್ಮೆ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತು, "ತಳ ಕುಯ್ದುಬುಟ್ಟಿದ್ರ ಆಗ್ತಿರ್ನಿಲ್ವಾ ಮಿಸ್?" ಎಂದ. ಆಗುತ್ತಿತ್ತು ಕಣಪ್ಪ, ಆದರೆ ಅಷ್ಟು ಹೊಳೆಯುವುದಕ್ಕೇ ಅವರಿಗೆ ಬಹಳ ಕಾಲ ಹಿಡಿಯಿತು ಎಂದೆ. ಇನ್ನೊಂದು ಸಲ, ಹಿಂದಿನ ಕಾಲದ ಓಟಗಾರರು ಜೇಬಿನಲ್ಲಿ ಪುಟ್ಟ ಕರಣೆ ಇಟ್ಟುಕೊಂಡು ಬರುತ್ತಿದ್ದರು, ಓಟಕ್ಕೆ ಮುಂಚೆ ನೆಲದಲ್ಲಿ ಕಾಲೂರಲು ಗುಳಿ ತೋಡಿಕೊಳ್ಳುತ್ತಿದ್ದರು ಎಂದೆ. ಮಾರನೆಯ ದಿನ ಮೈದಾನದ ತುಂಬ ಗುಳಿಗಳು. ನಮ್ಮ ಹೆಡ್‌ಮಾಸ್ಟರು ಪ್ರಾರ್ಥನೆಗೆ ಬರುವಾಗ ಒಂದರಲ್ಲಿ ಕಾಲಿಟ್ಟು ಉಳುಕಿಸಿಕೊಂಡರು. ನಾನು ಎರಡು ವಾರ ಅವರ ಕಣ್ಣಿಗೆ ಬೀಳದಂತೆ ಓಡಾಡಿದೆ.

ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ನಾನು ಮಕ್ಕಳಿಗೆ ಯಾವತ್ತೂ ಹೇಳದೆ ದಾಟಿಸಿಬಿಡುತ್ತಿದ್ದ ಒಂದು ಸಂಗತಿಯಿದೆ. ಹಳೆಯ ಒಂದು ಒಲಿಂಪಿಕ್ಸಿನ ಮ್ಯಾರಥಾನಿನಲ್ಲಿ ಒಬ್ಬ ಸುಸ್ತಾಗಿ ನಡುದಾರಿಯಲ್ಲಿ ಕಾರು ಹತ್ತಿಕೊಂಡ. ದಾರಿಯಲ್ಲಿ ಕಾರು ಕೆಟ್ಟಿತು. ಅಲ್ಲಿಂದ ಇಳಿದು ಓಡಿ ಎಲ್ಲರಿಗಿಂತ ಮುಂಚೆ ಮೈದಾನದೊಳಕ್ಕೆ ಬಂದ. ಜನ ಹೋ ಎಂದು ಕೂಗಿ ಮೆರೆಸಿದರು, ಇನ್ನೇನು ಪದಕ ಕೊರಳಿಗೆ ಬೀಳಬೇಕು, ಅಷ್ಟರಲ್ಲಿ ಸಿಕ್ಕಿಬಿದ್ದ. ಮಕ್ಕಳಿಗೆ ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ಬಾಯಿ ಬರುತ್ತಿರಲಿಲ್ಲ. ಅವನಾದರೂ ಸ್ವಲ್ಪ ದೂರ ಓಡಿದ್ದ. ನಾನು ಒಂದು ಹೆಜ್ಜೆಯೂ ಓಡದೆ, ಹಸಿ ಸೊಪ್ಪಿನ ಗುಡ್ಲಲ್ಲಿ ಕೂತು ಗೆದ್ದವಳು.

ನಮ್ಮೂರು ಗುಂಡ್ಲುಪೇಟೆಯ ಹತ್ತಿರದ ಭೀಮನಬೀಡು. ನಾನು ನಡೆದು ಹೋಗುತ್ತಿದ್ದ ಹೈಸ್ಕೂಲು ಬೇರೆ ಊರಿನಲ್ಲಿತ್ತು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತಾಲ್ಲೂಕು ಕ್ರೀಡಾಕೂಟಕ್ಕೆ ನಮ್ಮ ಸ್ಕೂಲಿನಿಂದ ಹೆಣ್ಣುಮಕ್ಕಳ ಹೆಸರೇ ಇಲ್ಲವೆಂದು ಮೇಲಿನವರು ಗದರಿದರಂತೆ. ಡ್ರಿಲ್ ಮೇಷ್ಟ್ರು ಬೆಳಿಗ್ಗೆ ಹಾಜರಿ ಪುಸ್ತಕ ಹಿಡಿದು ಬಂದು, ಉದ್ದನೆಯ ಕಾಲಿದೆ ಎಂಬ ಒಂದೇ ಕಾರಣಕ್ಕೆ, ಎಂಟುನೂರು ಮೀಟರ್ ಓಟಕ್ಕೆ ನನ್ನ ಹೆಸರು ಬರೆದುಕೊಂಡರು: ನಾಗಮಣಿ. ನನಗೆ ಓಡಲು ಬರುತ್ತದೋ ಇಲ್ಲವೋ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಲಿಸ್ಟು ಗುಂಡ್ಲುಪೇಟೆಗೆ ಹೋಯಿತು.

ಕ್ರೀಡಾಕೂಟಕ್ಕೆ ಮೂರು ದಿನವಿದೆ ಎನ್ನುವಾಗ ನಾನು ದೊಡ್ಡವಳಾದೆ. ಆಗೆಲ್ಲ ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಹಸಿ ಸೊಪ್ಪು ತಂದು ಮನೆಯ ಮುಂದೆ ಒಂದು ಮೂಲೆಯಲ್ಲಿ ಗುಡ್ಲು ಕಟ್ಟಬೇಕು, ಆರತಿ ಎತ್ತಿ ಒಳಕ್ಕೆ ಕರೆದುಕೊಳ್ಳುವ ಒಸಗೆಯ ದಿನದವರೆಗೂ ಹುಡುಗಿ ಅದರೊಳಗೇ ಕೂರಬೇಕು. ತಟ್ಟೆ ಬೇರೆ, ಚಾಪೆ ಬೇರೆ, ಯಾರೂ ಮುಟ್ಟುವ ಹಾಗಿಲ್ಲ, ಗುಡ್ಲಿನಿಂದ ಎಲ್ಲಿಗೂ ಹೋಗುವ ಹಾಗಿಲ್ಲ. ಒಳಗೆ ಕೂತವಳಿಗೆ ಮಾತ್ರ ಭರ್ಜರಿ ಊಟ. ಕೊಬ್ಬರಿ, ಬೆಲ್ಲ, ತುಪ್ಪ, ಎಳ್ಳುಂಡೆ. ನಾನು ಎಳ್ಳುಂಡೆ ತಿನ್ನುತ್ತ, ಓಟ ತಪ್ಪಿತಲ್ಲ ಎಂದು ಒಳಗೊಳಗೇ ದೇವರಿಗೆ ಕೈಮುಗಿಯುತ್ತ ಕೂತಿದ್ದೆ.

ಎರಡು ದಿನ ನಾನು ಸ್ಕೂಲಿಗೆ ಬರದಿದ್ದನ್ನು ನೋಡಿ ಡ್ರಿಲ್ ಮೇಷ್ಟ್ರು ಸೈಕಲ್ಲು ತುಳಿದುಕೊಂಡು ಮನೆಗೇ ಬಂದರು. ಗುಡ್ಲು ನೋಡಿದವರೇ ಎಲ್ಲ ಅರ್ಥವಾಗಿ ಮುಖ ಆಚೆ ತಿರುಗಿಸಿಕೊಂಡು ಜಗಲಿಯ ಮೇಲೆ ಕೂತರು.

"ಲಿಸ್ಟು ಹೋಗ್ಬಿಟ್ಟಿದೆಯಲ್ಲಪ್ಪ," ಎಂದರು ಅಪ್ಪನಿಗೆ. "ಹೆಣ್ಮಕ್ಕಳದ್ದು ಇದೊಂದೇ ಹೆಸರು. ಇದೂ ಇಲ್ಲ ಅಂದ್ರೆ ನನ್ನ ಮರ್ಯಾದೆ ಹೋಗ್ತದೆ."

"ನೀವೇ ನೋಡ್ತಾ ಇದ್ದೀರಲ್ಲ ಮೇಷ್ಟ್ರೇ, ಈಗ ಎಂಗ ಕಳ್ಸದು?" ಎಂದರು ಅಪ್ಪ.

ಅಷ್ಟರಲ್ಲಿ ನೀರಿನ ಬಿಂದಿಗೆ ಹೊತ್ತು ಬಂದ ನಮ್ಮಕ್ಕ ಮಾದೇವಿ ಬಾಗಿಲಲ್ಲೇ ನಿಂತು ಕೇಳಿದಳು: "ಎಷ್ಟು ದೂರ ಓಡ್ಬೇಕು ಮೇಷ್ಟ್ರೇ?"

"ಮೈದಾನ ಎರಡು ಸುತ್ತು ಕಣಮ್ಮ."

"ಅಷ್ಟೇಯಾ? ನಾ ಓಡ್ತೀನಿ ಬುಡಿ."

ಅಕ್ಕ ನನಗಿಂತ ಎರಡು ವರ್ಷಕ್ಕೆ ದೊಡ್ಡವಳು. ಏಳನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದರು. ಎತ್ತು ಹಗ್ಗ ಕಿತ್ತುಕೊಂಡು ಓಡಿದರೆ ಊರಿನ ಗಂಡಸರು ಕೋಲು ಹುಡುಕುವ ಹೊತ್ತಿಗೆ ಅಕ್ಕ ಅದರ ಮೂಗುದಾರ ಹಿಡಿದು ವಾಪಸ್ಸು ಬರುತ್ತಿರುತ್ತಿದ್ದಳು. ಮೇಷ್ಟ್ರು ಅವಳನ್ನು ನೋಡಿದರು, ಗುಡ್ಲಿನ ಕಡೆ ಅರ್ಧ ನೋಡಿದರು. ಇಬ್ಬರಿಗೂ ಒಂದೇ ಮೂಗು, ಒಂದೇ ಎತ್ತರ. "ಅಲ್ಲಿ ಹೆಸರು ಕೇಳಿದ್ರೆ ಏನಂತೀಯ?" ಎಂದರು. "ನಾಗಮಣಿ," ಎಂದಳು ಅಕ್ಕ. ನಮ್ಮ ಕಡೆ ಆಗ ಇದನ್ನು ಯಾರೂ ಮೋಸ ಅನ್ನುತ್ತಿರಲಿಲ್ಲ. ಲಿಸ್ಟಿನಲ್ಲಿರುವ ಹೆಸರಿಗೆ ಒಂದು ಆಳು ನಿಲ್ಲಿಸುವುದು, ಕೂಲಿಗೆ ಅಣ್ಣನ ಬದಲು ತಮ್ಮ ಹೋದ ಹಾಗೆ, ಅಷ್ಟೇ.

ಆ ಓಟವನ್ನು ನಾನು ನೋಡಿಲ್ಲ. ಸಾಯಂಕಾಲ ಅಕ್ಕ ಬಸ್ಸಿಳಿದವಳೇ ನನ್ನ ಯೂನಿಫಾರಮ್ಮಿನಲ್ಲಿ ಗುಡ್ಲಿನವರೆಗೂ ಓಡಿ ಬಂದಳು. ಮುಟ್ಟುವ ಹಾಗಿಲ್ಲವಲ್ಲ, ಒಂದು ಮಾರು ದೂರದಲ್ಲಿ ಕೂತು ಸರ್ಟಿಫಿಕೇಟನ್ನು ನೆಲದ ಮೇಲೆ ನನ್ನ ಕಡೆಗೆ ನೂಕಿದಳು.

"ತಗಾ. ಗೆದ್ಬುಟ್ಟಿದ್ದೀಯ ನೀನು," ಎಂದಳು.

ಆಮೇಲೆ ಹೇಳಿದಳು. ಗುಂಡ್ಲುಪೇಟೆಯ ಹುಡುಗಿಯೊಬ್ಬಳು ಶೂ ಹಾಕಿಕೊಂಡು ಮುಂದೆ ಇದ್ದಳಂತೆ. "ಒಂದ್ನೇ ಸುತ್ತು ಅವಳ ಜಡೆ ನೋಡ್ಕಂಡೇ ಓಡ್ದೆ ಕಣಮ್ಮಿ. ಎರಡ್ನೇ ಸುತ್ತಲ್ಲಿ ಜಡೆ ಕಾಣ್ನಿಲ್ಲ. ಮುಂದ ಬರೀ ನೆಲ. ಯಾರೂ ಇಲ್ಲ. ನಂಗ ಎಂಗಾಯ್ತು ಗೊತ್ತಾ? ಇನ್ನೊಂದು ಸುತ್ತು ಇದ್ದಿದ್ರ ಚೆನ್ನಾಗಿತ್ತು ಅನ್ನಿಸ್ಬುಡ್ತು." ಬಹುಮಾನಕ್ಕೆ ಮೈಕಿನಲ್ಲಿ ನಾಗಮಣಿ, ನಾಗಮಣಿ ಎಂದು ಮೂರು ಸಲ ಕೂಗಿದರೂ ಇವಳು ಯಾರೋ ನಾಗಮಣಿಯಂತೆ ಎಂದು ಸುತ್ತ ನೋಡುತ್ತ ನಿಂತಿದ್ದಳಂತೆ. ಮೇಷ್ಟ್ರು ಬೆನ್ನಿಗೆ ತಿವಿದು ಕಳಿಸಿದರಂತೆ. ಅವಳು ಇದನ್ನು ಹೇಳಿದಾಗ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವ್ವ ಒಳಗಿನಿಂದ, "ಗುಡ್ಲಲ್ಲಿ ಕೂತು ಎಂಗ ನಗ್ತಾಳ ನೋಡು" ಎಂದು ಬೈದಳು.

ಎಷ್ಟೋ ವರ್ಷದ ಮೇಲೆ ಒಂದು ಸಂಗತಿ ಓದಿದೆ. ಹೆಂಗಸರನ್ನು ಒಲಿಂಪಿಕ್ಸಿನಲ್ಲಿ ಮೊದಲ ಸಲ ಎಂಟುನೂರು ಮೀಟರ್ ಓಡಿಸಿದಾಗ, ಓಟದ ಕೊನೆಗೆ ಕೆಲವರು ದಣಿದು ನೆಲದ ಮೇಲೆ ಕೂತರಂತೆ. ಅಷ್ಟಕ್ಕೇ ಪತ್ರಿಕೆಯವರು ದೊಡ್ಡ ರಾದ್ಧಾಂತ ಮಾಡಿ, ಇಷ್ಟು ದೂರ ಹೆಂಗಸರ ಮೈಗೆ ಆಗಿಬರುವುದಿಲ್ಲ ಎಂದು ಬರೆದರಂತೆ. ಆ ಓಟವನ್ನೇ ತೆಗೆದುಹಾಕಿದರು. ಮೂವತ್ತು ವರ್ಷಕ್ಕೂ ಮೇಲೆ ಯಾವ ಹೆಣ್ಣೂ ಅಲ್ಲಿ ಅಷ್ಟು ದೂರ ಓಡಲಿಲ್ಲ. ಗಂಡಸರು ಬೀಳಲಿಲ್ಲವೇ? ಬಿದ್ದರು. ಅವರ ಓಟ ತೆಗೆಯಲಿಲ್ಲ. ಅದನ್ನು ಓದಿದ ದಿನ ನನಗೆ ಆ ಪತ್ರಿಕೆಯವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಅವರನ್ನೆಲ್ಲ ಕರೆದುಕೊಂಡು ಬಂದು, ಎರಡು ಸುತ್ತು ಓಡಿ ಇನ್ನೊಂದು ಸುತ್ತು ಬೇಕಿತ್ತು ಅಂದವಳ ಮುಂದೆ ನಿಲ್ಲಿಸಬೇಕು ಅನ್ನಿಸಿತು. ಆಮೇಲೆ ಸಿಟ್ಟು ಇಳಿಯಿತು. ಅವಳ ಮುಂದಿನ ಓಟ ತೆಗೆದವರು ಯಾವ ಪತ್ರಿಕೆಯವರೂ ಅಲ್ಲ. ನಾನು.

ಒಸಗೆ ಮುಗಿಸಿ ಸ್ಕೂಲಿಗೆ ಹೋದ ದಿನ ಹೆಡ್‌ಮಾಸ್ಟರು ಪ್ರಾರ್ಥನೆಯಲ್ಲಿ ನನ್ನನ್ನು ಮುಂದೆ ಕರೆದು ಚಪ್ಪಾಳೆ ಹೊಡೆಸಿದರು. ಅಲ್ಲಿ ನಿಂತಿದ್ದ ಅರ್ಧ ಜನಕ್ಕೆ ಓಡಿದ್ದು ಯಾರೆಂದು ಗೊತ್ತಿತ್ತು. ಆದರೂ ಚಪ್ಪಾಳೆ ಚಪ್ಪಾಳೆಯೇ. ಮೊದಲ ದಿನ ನಾಚಿಕೆಯಾಯಿತು, ಎರಡನೆಯ ದಿನ ಅಷ್ಟಾಗಲಿಲ್ಲ, ವಾರ ಕಳೆಯುವಷ್ಟರಲ್ಲಿ ನಾನೇ ಓಡಿದ್ದೆನೇನೋ ಅನ್ನುವಂತೆ ನಡೆಯತೊಡಗಿದ್ದೆ. ಕನ್ನಡಿಯ ಮುಂದೆ ನಿಂತು ಕಾಲು ನೋಡಿಕೊಂಡದ್ದೂ ಉಂಟು.

ತಾಲ್ಲೂಕಿನಲ್ಲಿ ಗೆದ್ದವರು ಜಿಲ್ಲಾ ಕೂಟಕ್ಕೆ ಮೈಸೂರಿಗೆ ಹೋಗಬೇಕು. ಆಗ ನಮ್ಮದೆಲ್ಲ ಮೈಸೂರು ಜಿಲ್ಲೆಯೇ. ಮೂರು ವಾರ ಟೈಮಿತ್ತು. ಡ್ರಿಲ್ ಮೇಷ್ಟ್ರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ, "ಅಕ್ಕನ್ನ ಕಳಿಸ್ತೀಯೋ, ನೀನೇ ಬರ್ತೀಯೋ? ನೀವಿಬ್ಬರೇ ಮಾತಾಡ್ಕೊಳ್ಳಿ. ಯಾರು ಬಂದ್ರೂ ನಾನು ಕರ್ಕೊಂಡು ಹೋಗ್ತೀನಿ" ಎಂದರು. ಅವರ ಮನಸ್ಸಿನಲ್ಲಿ ಯಾರಿದ್ದಾರೆ ಎನ್ನುವುದು ಮುಖದಲ್ಲೇ ಕಾಣುತ್ತಿತ್ತು.

ನಾನು ಆ ಮಾತನ್ನು ಮನೆಯಲ್ಲಿ ಹೇಳಲಿಲ್ಲ. ಆದರೆ ಅಕ್ಕ ಬೆಳಗಿನ ಜಾವಕ್ಕೇ ಏಳತೊಡಗಿದಳು. ಬಿಂದಿಗೆ ಎತ್ತಿಕೊಂಡು ಹೋಗುವಳು, ಅದನ್ನು ಕೆರೆ ಏರಿಯ ಮೇಲೆ ಇಟ್ಟು, ಏರಿಯ ಈ ತುದಿಯಿಂದ ಆ ತುದಿಗೆ ಓಡುವಳು. ನೀರಿಗೆ ಹೋದ ಹೆಂಗಸರು ನೋಡಿ ಬಂದು ಅವ್ವನಿಗೆ ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಅಕ್ಕ ಚಿಲಕ ತೆಗೆಯುವಾಗ ನನಗೆ ಎಚ್ಚರವಾಗುತ್ತಿತ್ತು. ನಾನು ಕಂಬಳಿ ಎಳೆದುಕೊಂಡು ಮಲಗಿರುತ್ತಿದ್ದೆ. ಅವಳು ವಾಪಸ್ಸು ಬಂದು ಏದುಸಿರು ಬಿಡುತ್ತ ಒಲೆ ಹಚ್ಚುವುದು ಕೇಳುತ್ತಿತ್ತು. ಹೀಗೇ ದಿನಗಳು ಹೋದವು. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ.

ಕೊನೆಗೆ ಅವಳೇ ಕೇಳಿದಳು. ಇಬ್ಬರೂ ಹುಚ್ಚೆಳ್ಳು ಹೊಲದಲ್ಲಿ ಕಳೆ ಕೀಳುತ್ತಿದ್ದೆವು. ತಲೆ ಎತ್ತದೆ, ಕೈ ನಿಲ್ಲಿಸದೆ, "ಅಮ್ಮಿ, ಮೈಸೂರ್ಗೂ ನಾನೇ ಓಗ್ಲಾ?" ಎಂದಳು.

"ನೀನ್ಯಾಕ? ಎಸ್ರು ನಂದಲ್ವಾ?" ಎಂದೆ.

ನೋಡಿ, ಇಷ್ಟೇ ಮಾತು. ಬೈಯಲಿಲ್ಲ, ಜಗಳವಾಡಲಿಲ್ಲ. ಅಕ್ಕ "ಹೂಂ, ಅದೂ ಸರಿಯೇ" ಎಂದು ಪಕ್ಕದ ಸಾಲಿಗೆ ಹೋದಳು. ಮಾರನೆಯ ಬೆಳಿಗ್ಗೆ ಚಿಲಕದ ಸದ್ದಾಗಲಿಲ್ಲ. ಬಿಸಿಲು ಬಂದ ಮೇಲೆ ಎಲ್ಲರ ಜೊತೆ ನೀರಿಗೆ ಹೋದಳು.

ಮೈಸೂರಿನ ಆ ದೊಡ್ಡ ಮೈದಾನದಲ್ಲಿ ನಾನು ಮೊದಲ ಸುತ್ತು ಮುಗಿಸುವ ಹೊತ್ತಿಗೆ ಮುಂದಿನವರು ಎರಡನೆಯದರ ಅರ್ಧ ದಾಟಿದ್ದರು. ನಾನು ಕೊನೆ ಮುಟ್ಟಿದಾಗ ಗೆದ್ದವರು ನೀರು ಕುಡಿದು, ತಲೆ ಬಾಚಿಕೊಂಡು, ಮುಂದಿನ ಓಟ ನೋಡಲು ಕೂತಿದ್ದರು. ಗೆರೆ ಎಳೆಯುವವರು ಸುಣ್ಣದ ಬಕೀಟು ಹಿಡಿದು ನಾನು ಹೋಗಲಿ ಎಂದು ಕಾಯುತ್ತಿದ್ದರು. ಮನೆಯಲ್ಲಿ, ಹೊಟ್ಟೆ ಹಿಡಿದುಕೊಂಡಿತು ಅದಕ್ಕೇ ಸೋತೆ ಎಂದು ಸುಳ್ಳು ಹೇಳಿದೆ. ಅಕ್ಕ ಎರಡೇ ಪ್ರಶ್ನೆ ಕೇಳಿದಳು. "ನೆಲ ಎಂಗಿತ್ತು?" "ಗಟ್ಟಿ ಕೆಂಪು ಮಣ್ಣು." "ಜನ ಬಾಳ ಇದ್ರಾ?" "ಇದ್ರು." ಆಮೇಲೆ ರೊಟ್ಟಿ ತಟ್ಟಲು ಎದ್ದು ಹೋದಳು.

ಮುಂದಿನ ವರ್ಷವೇ ಅಕ್ಕನ ಮದುವೆಯಾಯಿತು, ಸಂತೆಮರಹಳ್ಳಿಗೆ ಕೊಟ್ಟರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಡ್ರಿಲ್ ಟೀಚರ ತರಬೇತಿಗೆ ಅರ್ಜಿ ಹಾಕಿದೆ. ಸಂದರ್ಶನದಲ್ಲಿ ಕೂತಿದ್ದವರೊಬ್ಬರು ನನ್ನ ಸರ್ಟಿಫಿಕೇಟು ತಿರುಗಿಸಿ ನೋಡಿ, "ಎಂಟುನೂರು ಮೀಟರಲ್ಲಿ ತಾಲ್ಲೂಕಿಗೇ ಮೊದಲಾ? ಭೇಷ್" ಎಂದರು. "ಹೌದು ಸಾರ್," ಎಂದೆ. ನನ್ನ ಇಷ್ಟು ವರ್ಷದ ಅನ್ನ ಆ ಎರಡು ಮಾತಿನಿಂದ ಬಂದದ್ದು.

ಕಳ್ಳನೇ ಎಲ್ಲರಿಗಿಂತ ಜೋರಾಗಿ ಕಳ್ಳ ಕಳ್ಳ ಎಂದು ಕೂಗುತ್ತಾನಂತೆ. ಡ್ರಿಲ್ ಟೀಚರಾದ ಮೇಲೆ ನಾನು ಲಿಸ್ಟಿನ ವಿಷಯದಲ್ಲಿ ಬಹಳ ಬಿಗಿ ಎಂದು ಹೆಸರಾದೆ. ಹೆಸರಿದ್ದವಳೇ ಓಡಬೇಕು, ಇಲ್ಲವಾದರೆ ಜಾಗ ಖಾಲಿ ಬಿಡಬೇಕು. ಚಂದಕವಾಡಿಯಲ್ಲಿದ್ದಾಗ ನಮ್ಮ ಹುಡುಗಿಯೊಬ್ಬಳು ಜ್ವರ ಬಂದು ಬರಲಿಲ್ಲ. ಅವಳ ಗೆಳತಿ, "ನಾನು ಓಡ್ತೀನಿ ಮಿಸ್, ಅವಳೆಸ್ರಲ್ಲೇ ಓಡ್ತೀನಿ" ಎಂದು ನನ್ನ ಸೆರಗು ಹಿಡಿದುಕೊಂಡು ಬೇಡಿದಳು. ನಾನು ಬಿಡಲಿಲ್ಲ. ಸುಣ್ಣದ ಎರಡು ಗೆರೆಗಳ ನಡುವೆ ಒಂದು ಸಾಲು ಖಾಲಿಯಾಗಿಯೇ ಉಳಿದು ಓಟ ನಡೆಯಿತು. ಎಲ್ಲರೂ ನನ್ನ ಪ್ರಾಮಾಣಿಕತೆಯನ್ನು ಹೊಗಳಿದರು. ಆ ಹುಡುಗಿ ಆ ವರ್ಷವೆಲ್ಲ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಈಗ ಯೋಚಿಸಿದರೆ ಎರಡು ತಪ್ಪಿನಿಂದಲೂ ನಾನು ಕಿತ್ತುಕೊಂಡದ್ದು ಒಂದನ್ನೇ, ಓಡಬೇಕೆಂದವಳ ಓಟವನ್ನು.

ಚಾಮರಾಜನಗರದಲ್ಲಿ, ನನ್ನ ಸರ್ವೀಸಿನ ಕೊನೆಯ ಮಳೆಗಾಲದಲ್ಲಿ, ಒಂದು ದಿನ ಮಕ್ಕಳಿಗೆ ಒಬ್ಬ ಮ್ಯಾರಥಾನ್ ಓಟಗಾರನ ವಿಷಯ ಹೇಳಿದೆ. ಅವನ ದೇಶವನ್ನು ಆಗ ಬೇರೆ ದೇಶದವರು ಆಳುತ್ತಿದ್ದರು. ಅವನು ಒಲಿಂಪಿಕ್ಸಿನಲ್ಲಿ ಗೆದ್ದ, ಆದರೆ ಆಳುವವರ ಬಾವುಟದಡಿ, ಅವರ ಭಾಷೆಗೆ ತಿದ್ದಿ ಬರೆದ ಹೆಸರಿನಲ್ಲಿ. ಪದಕ ಕೊಡುವಾಗ ತಲೆ ತಗ್ಗಿಸಿ, ಕೈಯಲ್ಲಿದ್ದ ಪುಟ್ಟ ಗಿಡವನ್ನು ಎದೆಗೆ ಒತ್ತಿ, ಆ ಬಾವುಟವನ್ನು ಮರೆಮಾಡಿಕೊಂಡು ನಿಂತಿದ್ದ.

ಮುಂದಿನ ಸಾಲಿನ ಒಂದು ಹುಡುಗಿ, "ಅವ್ನೆಸ್ರು ಅವ್ನಿಗ ವಾಪಸ್ ಸಿಕ್ತಾ ಮಿಸ್?" ಎಂದಳು.

ಮುದುಕನಾದ ಮೇಲೆ ಅವನ ದೇಶದಲ್ಲೇ ಒಲಿಂಪಿಕ್ಸ್ ನಡೆಯಿತು, ಅವನೇ ಜ್ಯೋತಿ ಹಿಡಿದು ಸಣ್ಣ ಮಗುವಿನ ಹಾಗೆ ಕುಣಿಯುತ್ತ ಮೈದಾನದೊಳಕ್ಕೆ ಬಂದ, ಜನರೆಲ್ಲ ಅತ್ತುಬಿಟ್ಟರು ಎಂದೆ. ಆವತ್ತೇ ನಿಶ್ಚಯ ಮಾಡಿದೆ, ಬೀಳ್ಕೊಡುಗೆಯ ದಿನ ಎಲ್ಲರ ಮುಂದೆ ಹೇಳಿಬಿಡುತ್ತೇನೆ ಎಂದು.

ಅಕ್ಕನನ್ನು ಒತ್ತಾಯ ಮಾಡಿ ಕರೆಸಿಕೊಂಡೆ. ಅವಳು ಈಗ ಸಂತೆಮರಹಳ್ಳಿಯ ಕಡೆ ಒಂದು ಸ್ಕೂಲಿನಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಾಳೆ. ಸೌಟು ಕೊಟ್ಟು ಬರಲು ಯಾರೂ ಇಲ್ಲ ಎಂದು ರಗಳೆ ಮಾಡಿದಳಾದರೂ ರೇಷ್ಮೆ ಸೀರೆ ಉಟ್ಟು ಬಂದು ಮುಂದಿನ ಸಾಲಿನಲ್ಲಿ ಕೂತಳು. ಸಹೋದ್ಯೋಗಿಯೊಬ್ಬರು ಅಭಿನಂದನಾ ಪತ್ರ ಓದುತ್ತ, "ವಿದ್ಯಾರ್ಥಿ ದೆಸೆಯಲ್ಲೇ ಎಂಟುನೂರು ಮೀಟರ್ ಓಟದಲ್ಲಿ ತಾಲ್ಲೂಕಿಗೆ ಪ್ರಥಮರಾಗಿ" ಎಂದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ಅಕ್ಕ.

ನನ್ನ ಸರದಿ ಬಂದಾಗ ಎದ್ದು ನಿಂತು ಹೇಳಿದೆ. ಗುಡ್ಲು, ಲಿಸ್ಟು, ಬಿಂದಿಗೆ ಹೊತ್ತು ಬಂದ ಅಕ್ಕ, ಎಲ್ಲ. "ಆ ಓಟ ಓಡಿದ್ದು ನಾನಲ್ಲ. ಅಗೋ, ಅಲ್ಲಿ ಕೂತಿದ್ದಾರಲ್ಲ, ನಮ್ಮಕ್ಕ ಮಾದೇವಮ್ಮ, ಅವರು" ಎಂದು ಕೈತೋರಿಸಿದೆ. ಸಭೆಯಲ್ಲಿ ಸೂರು ಹಾರುವಂತೆ ಚಪ್ಪಾಳೆ. ಅಕ್ಕನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು. ಮೈಕಿನಲ್ಲಿ "ಮಾದೇವಮ್ಮನವರು" ಎಂದು ಕೂಗಿದಾಗ ಅವಳು ಈ ಸಲ ಆಚೀಚೆ ನೋಡಲಿಲ್ಲ. ನನಗೆ ಕಣ್ಣು ತುಂಬಿ ಬಂತು. ಎಂಥ ದೊಡ್ಡ ಕೆಲಸ ಮಾಡಿದೆ ನಾನು ಎಂದು, ಮುಚ್ಚುಮರೆಯೇಕೆ, ಹೆಮ್ಮೆಯೂ ಆಯಿತು. ಮೈಸೂರಿನ ವಿಷಯ ಮಾತ್ರ ನಾನು ಎತ್ತಲಿಲ್ಲ. ಗೆಲುವನ್ನು ವಾಪಸ್ಸು ಕೊಡುವುದು ಸುಲಭ. ಕೊಡುವವರಿಗೂ ಶಾಲು ಸಿಗುತ್ತದೆ.

ಸಭೆ ಮುಗಿದು ಸಂತೆಮರಹಳ್ಳಿಯ ಬಸ್ಸಿಗೆ ಅಕ್ಕನನ್ನು ಕಳಿಸಲು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದು ಹೋದೆವು. ಇನ್ನೂ ಬಿಸಿಲಿತ್ತು. ಕಲ್ಲು ಬೆಂಚಿನ ಮೇಲೆ ಕೂತೆವು. ಅಕ್ಕ ಶಾಲನ್ನು ಮಡಿಸಿ ಮಡಿಲಲ್ಲಿ ಇಟ್ಟುಕೊಂಡಳು.

"ಈಗ ಮನಸು ಅಗುರಾಯ್ತು ಕಣಕ್ಕ," ಎಂದೆ.

"ಆಗ್ಲಿ ಬುಡು. ಒಳ್ಳೇದೇ ಆಯ್ತು." ಬಸ್ಸು ಬರುವ ಕಡೆ ನೋಡಿದಳು. "ಗುಂಡ್ಲುಪೇಟೆ ಓಟ ನಾ ನಿಂಗ ಅಂತ್ಲೇ ಓಡಿದ್ದು. ಅದ ನಿನ್ನೆಸ್ರಲ್ಲೇ ಇರಾಕ ಬುಟ್ಟಿದ್ರೂ ನಂಗೇನೂ ಇರ್ನಿಲ್ಲ. ಮೈಸೂರ್ದ ಯಾಕ ಏಳ್ನಿಲ್ಲ?"

ಇಷ್ಟು ವರ್ಷದಲ್ಲಿ ಅವಳು ಆ ಊರಿನ ಹೆಸರನ್ನು ಆ ಅರ್ಥದಲ್ಲಿ ಎತ್ತಿದ್ದು ಇದೇ ಮೊದಲು. ನಾನು ನೆಲ ನೋಡುತ್ತ ಹೇಳಿದೆ, "ನೀ ಬೆಳಿಗ್ಗೆ ಎದ್ದು ಓಡ್ತಿದ್ದದ್ದು ನಂಗ ಗೊತ್ತಿತ್ತು ಕಣಕ್ಕ."

"ನಿಂಗ ಗೊತ್ತಿತ್ತು ಅಂತ ನಂಗೂ ಗೊತ್ತಿತ್ತು. ನಾ ಚಿಲಕ ತಗಿವಾಗ ನೀ ಉಸ್ರು ಬಿಗಿ ಇಡ್ಕಂಡು ಮಲಗಿರ್ತಿದ್ದೆ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

"ತೆಪ್ಪಾಯ್ತು ಅಕ್ಕ," ಎಂದೆ. "ನಾನು ಓಗ್ಬಾರ್ದಿತ್ತು. ನೀ ಓಗಿದ್ರ ಗೆದ್ದು ಬತ್ತಿದ್ದೆ."

ಬಸ್ಸು ಬಂದು ನಿಂತಿತು. ಕಂಡಕ್ಟರು ಸಂತೆಮರಹಳ್ಳಿ, ಸಂತೆಮರಹಳ್ಳಿ ಎಂದು ಕೂಗತೊಡಗಿದ. ಅಕ್ಕ ಮಂಡಿಗೆ ಕೈಯೂರಿ ನಿಧಾನಕ್ಕೆ ಎದ್ದಳು. ಹಣ್ಣಿನ ಬುಟ್ಟಿಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಗೆಲ್ತಿದ್ದೆ ಅಂತ ನಾ ಯಾವತ್ತೂ ಅಂದ್ಕಂಡಿಲ್ಲ ಕಣಮ್ಮಿ," ಎಂದಳು. "ಅಲ್ಲಿ ಎಂತೆಂತಾ ಉಡ್ಗೀರು ಬಂದಿದ್ರೋ ಏನೋ. ಸೋಲ್ತಿದ್ದೆ ಅಂತಾನೇ ಇಟ್ಕ. ಸೋಲೂದಾದ್ರೂ ನಾನೇ ಸೋಲ್ಬೇಕಿತ್ತು."